ಕಾಲ್‌ಷೀಟ್ ಸಿಗದ ಖಳನಾಯಕ

ಚಿತ್ರರಸಿಕರೇ, ನಮ್ಮ ಈ 'ವಿಲನ್ ಮೂಲೆ'ಗೆ ಇದುವರೆಗೆ ಬಂದು ಹೋದವರೆಲ್ಲ ಎರಡು ಕಾಲಿನವರೇ. ಕಣ್ಣಲ್ಲೇ ಕೆಂಡ ಕಾರುತ್ತಿದ್ದ ನಮ್ಮ ವಜ್ರಮುನಿ ಬಂದರು. ರಾಮನಗರದ ಬಂಡೆಗಳ ಮೇಲೆ ನಿಂತು ಇಡೀ ದೇಶವನ್ನೇ ನಡುಗಿಸಿದ 'ಶೋಲೆ'ಯ (1975) ಗಬ್ಬರ್ ಬಂದ. ಆದರೆ ಈ ವಾರದ ಗಿರಾಕಿಯೇ ಬೇರೆ. ಇವನಿಗೆ ಕುದುರೆ ಇಲ್ಲ, ಬಂದೂಕಿಲ್ಲ, ಚೇಲಾಗಳನ್ನು ಸುತ್ತ ಕೂರಿಸಿಕೊಂಡು ಕ್ಯಾಬರೆ ನೋಡುವ ಅಡ್ಡಾ ಇಲ್ಲ. ನಿಂತ ಜಾಗ ಬಿಟ್ಟು ಒಂದಂಗುಲ ಕದಲುವವನಲ್ಲ. ಯಾಕೆಂದರೆ ಇವನೊಂದು ಮರ!

ನಗಬೇಡಿ. ಪೂರ್ತಿ ಕೇಳಿ, ಆಮೇಲೆ ಬೇಕಾದರೆ ನಗಿ.

ಹೆಸರು 'ಓಲ್ಡ್ ಮ್ಯಾನ್ ವಿಲೋ'. ನಮ್ಮ ಮಾತಿನಲ್ಲಿ ಮುದುಕ ವಿಲೋ ಅನ್ನೋಣ. ವಿಲೋ ಅಂದರೆ ಯಾವುದೋ ಗೊತ್ತಿಲ್ಲದ ಮರವಲ್ಲ ಮಾರಾಯ್ರೇ, ಕ್ರಿಕೆಟ್ ಬ್ಯಾಟು ಮಾಡುತ್ತಾರಲ್ಲ, ಅದೇ ಕುಲ. ನಮ್ಮ ಭದ್ರಾವತಿಯ ವಿಶಿ ಸ್ಕ್ವೇರ್ ಕಟ್ ಹೊಡೆದು ಜಗತ್ತನ್ನೇ ಮರುಳು ಮಾಡಿದ್ದು ಆ ಕುಲದ ಒಂದು ತುಂಡಿನಿಂದ. ಈ ಮರವನ್ನು ವಿಲನ್ ಮಾಡಿದವರು ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಪಾಠ ಹೇಳುತ್ತಿದ್ದ ಪ್ರೊಫೆಸರ್ ಟೋಲ್ಕಿನ್. 1934ರಲ್ಲಿ ಒಂದು ಪದ್ಯದಲ್ಲಿ ಅವನನ್ನು ಮೊದಲು ತಂದರು. ಆಮೇಲೆ 1954ರಲ್ಲಿ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಕಾದಂಬರಿಯ ಮೊದಲನೇ ಭಾಗದಲ್ಲಿ ದೊಡ್ಡ ರೋಲನ್ನೇ ಕೊಟ್ಟರು.

'ಆ ಪಿಕ್ಚರ್ ನಾವು ನೋಡಿದ್ದೀವಿ ಸ್ವಾಮಿ, ಅದರಲ್ಲಿ ಇಂಥಾ ಮರ ಎಲ್ಲಿತ್ತು?' ಅಂತೀರಿ. ಇರಲಿಲ್ಲ! ಇವತ್ತಿನ ತಕರಾರೇ ಅದು. ಪೀಟರ್ ಜಾಕ್ಸನ್ ನಿರ್ದೇಶನದ ಮೂರು ಚಿತ್ರಗಳು 2001, 2002, 2003ರಲ್ಲಿ ಒಂದರ ಹಿಂದೆ ಒಂದು ತೆರೆ ಕಂಡವು. ಮೂರೂ ಸೇರಿ 17 ಆಸ್ಕರ್ ಬಾಚಿಕೊಂಡವು. ಮೊದಲನೇ ಚಿತ್ರವೇ ಹತ್ತಿರ ಹತ್ತಿರ ಮೂರು ಗಂಟೆ. ಆ ಮೂರು ಗಂಟೆಯಲ್ಲಿ ಮುದುಕ ವಿಲೋಗೆ ಒಂದು ನಿಮಿಷವೂ ಸಿಗಲಿಲ್ಲ. ಅದಕ್ಕೂ ಮುಂಚೆ 1978ರಲ್ಲಿ ರಾಲ್ಫ್ ಬಕ್ಷಿ ಇದೇ ಕಥೆಯನ್ನು ಕಾರ್ಟೂನ್ ಚಿತ್ರ ಮಾಡಿದಾಗಲೂ ಇವನಿಗೆ ಗೇಟ್ ಪಾಸ್!

ಕಾದಂಬರಿಯಲ್ಲಿ ಅವನ ಎಂಟ್ರಿ ಹೇಗಿದೆ ಕೇಳಿ. ಹಾಬಿಟ್ ಎಂಬುದು ಕುಳ್ಳರ ಜಾತಿ. ಮೂರಡಿ, ಮೂರೂವರೆ ಅಡಿ ಎತ್ತರ. ಕಾಲಿಗೆ ಚಪ್ಪಲಿ ಹಾಕುವವರಲ್ಲ, ಊಟ ಅಂದರೆ ಪ್ರಾಣ. ಫ್ರೋಡೋ, ಸ್ಯಾಮ್, ಮೆರ್ರಿ, ಪಿಪ್ಪಿನ್ ಎಂಬ ನಾಲ್ವರು ಹಾಬಿಟ್ ಗೆಳೆಯರು ಊರು ಬಿಟ್ಟು ಹೊರಟಿದ್ದಾರೆ. ಫ್ರೋಡೋನ ಜೇಬಿನಲ್ಲಿ ಆ ಶನಿ ಉಂಗುರ. ಬೆನ್ನ ಹಿಂದೆ ಕಪ್ಪು ಕುದುರೆ ಏರಿದ ಕಪ್ಪು ನಿಲುವಂಗಿಯ ಸವಾರರು. ಹೆದ್ದಾರಿಯಲ್ಲಿ ಹೋದರೆ ಸಿಕ್ಕಿಬೀಳುವುದು ಗ್ಯಾರಂಟಿ. ಆದ್ದರಿಂದ ಊರ ಬೇಲಿಯ ಅಡಿಯ ಸುರಂಗದ ಬಾಗಿಲು ತೆಗೆದು 'ಹಳೇ ಕಾಡು' ಎಂಬಲ್ಲಿಗೆ ನುಗ್ಗುತ್ತಾರೆ. ಊರಿನವರು ಹೆಸರೆತ್ತಿದರೇ ಹೆದರುವ ಕಾಡು ಅದು.

ಆ ಕಾಡಿನಲ್ಲಿ ಹುಲಿ, ಚಿರತೆ, ದೆವ್ವ ಯಾವುದೂ ಎದುರಾಗುವುದಿಲ್ಲ. ದಾರಿ ಮಾತ್ರ ತಪ್ಪುತ್ತಾ ಹೋಗುತ್ತದೆ. ಇವರು ಉತ್ತರಕ್ಕೆ ಹೋಗಬೇಕು ಅಂದರೆ ಅಲ್ಲಿ ಪೊದೆ ಅಡ್ಡ. ಎಡಕ್ಕೆ ತಿರುಗಿದರೆ ಹಳ್ಳ. ಸಲೀಸಾಗಿ ಇಳಿಯುವುದು ಒಂದೇ ಕಡೆಗೆ, ನಡುಗಾಡಿನ ಒಂದು ಹೊಳೆಯ ಕಣಿವೆಗೆ. ಯಾರೂ ಕೈಹಿಡಿದು ಎಳೆಯುವುದಿಲ್ಲ. ಆದರೂ ಹೋಗಬಾರದ ಜಾಗಕ್ಕೇ ಹೋಗಿ ಸೇರುತ್ತಾರೆ!

ಇಳಿ ಮಧ್ಯಾಹ್ನ. ಸೆಖೆ. ಹೊಳೆಯ ದಡದಲ್ಲಿ ಭಾರೀ ಗಾತ್ರದ ಹಳೇ ವಿಲೋ ಮರ. ಎಲೆಗಳು ಪಿಸುಗುಡುತ್ತಿವೆ. ಆ ಪಿಸುಮಾತು ಕಿವಿಗೆ ಬಿದ್ದರೆ ಸಾಕು, ರೆಪ್ಪೆ ಮೇಲೇಳುವುದಿಲ್ಲ. ಮೆರ್ರಿ, ಪಿಪ್ಪಿನ್ ಇಬ್ಬರೂ ಮರದ ಬುಡಕ್ಕೆ ಬೆನ್ನು ಕೊಟ್ಟು ಗೊರಕೆ ಶುರು ಮಾಡುತ್ತಾರೆ. ಫ್ರೋಡೋ ನೀರಿಗೆ ಕಾಲು ಇಳಿಬಿಟ್ಟು ಬೇರಿನ ಮೇಲೆ ಕೂರುತ್ತಾನೆ, ಅಲ್ಲೇ ತೂಕಡಿಕೆ. ಸ್ಯಾಮ್ ಒಬ್ಬನಿಗೆ ಮಾತ್ರ ಒಳಗೊಳಗೇ ಅನುಮಾನ. ದೂರ ಹೋದ ಕುದುರೆಗಳನ್ನು ಹಿಡಿದು ತರಲು ಎದ್ದು ಹೋಗಿರುತ್ತಾನೆ. ಅಷ್ಟರಲ್ಲಿ ಎರಡು ಸದ್ದು. ಒಂದು, ನೀರಿನಲ್ಲಿ 'ದುಡುಂ'. ಇನ್ನೊಂದು, ಬಾಗಿಲಿಗೆ ಮೆಲ್ಲಗೆ ಚಿಲಕ ಹಾಕಿದ ಹಾಗೆ 'ಕಟಕ್'.

ಓಡಿ ಬಂದು ನೋಡಿದರೆ ಫ್ರೋಡೋ ನೀರಿನೊಳಗೆ, ಬೇರು ಅವನನ್ನು ಒತ್ತಿ ಹಿಡಿದಿದೆ. ಅವನನ್ನು ಎಳೆದು ಹಾಕಿ ಆ ಕಡೆ ತಿರುಗಿದರೆ ಪಿಪ್ಪಿನ್ ನಾಪತ್ತೆ. ಬೊಡ್ಡೆಯ ಬಿರುಕು ಅವನನ್ನು ಪೂರ್ತಿ ನುಂಗಿ ಮುಚ್ಚಿಕೊಂಡಿದೆ. ಮೆರ್ರಿಯ ಸೊಂಟದ ತನಕ ಮರದೊಳಗೆ, ಕಾಲೆರಡೂ ಹೊರಗೆ! ಇವರು ಸಿಟ್ಟಿನಿಂದ ಬುಡಕ್ಕೆ ಬೆಂಕಿ ಇಡುತ್ತಾರೆ. ಒಳಗಿನಿಂದ ಮೆರ್ರಿಯ ಚೀರಾಟ: ಆರಿಸ್ರಪ್ಪೋ, ಇಲ್ಲದಿದ್ದರೆ ನನ್ನನ್ನು ಎರಡು ತುಂಡು ಮಾಡುತ್ತಾನಂತೆ, ಅವನೇ ಹೇಳ್ತಿದ್ದಾನೆ!

ಈ ಸೀನು ಓದಿದ ದಿನ ರಾತ್ರಿ ನಾನು ದೀಪ ಆರಿಸಲಿಲ್ಲ. ನಾಚಿಕೆಯೇನಿಲ್ಲ ಹೇಳಿಕೊಳ್ಳಲು.

ಕೊನೆಗೆ ಬರುವವನು ಟಾಮ್ ಬೊಂಬಾಡಿಲ್. ನೀಲಿ ಕೋಟು, ಹಳದಿ ಬೂಟು, ಟೋಪಿಗೆ ಗರಿ, ಕೈಯಲ್ಲಿ ತಾವರೆ ಜಾತಿಯ ಹೂಗಳು. ಬಾಯಲ್ಲಿ ಅರ್ಥವಿಲ್ಲದ ಹಾಡು. ನಮ್ಮ ನರಸಿಂಹರಾಜು ಅವರಿಗೆ ಹೇಳಿ ಮಾಡಿಸಿದ ಪಾತ್ರ ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ. ಇವನು ಬಿರುಕಿಗೆ ಬಾಯಿಟ್ಟು ಹಾಡುತ್ತಾನೆ, ಒಂದು ರೆಂಬೆ ಮುರಿದು ಆ ಮರಕ್ಕೇ ನಾಲ್ಕು ಬಾರಿಸುತ್ತಾನೆ, ಮಲಗೋ ಮುದುಕಾ ಅಂತ ಗದರುತ್ತಾನೆ. ಬಿರುಕು ಬಿಟ್ಟುಕೊಳ್ಳುತ್ತದೆ. ಹುಡುಗರು ಹೊರಗೆ. ಫೈಟ್ ಮುಗಿಯಿತು!

ಇಂಥಾ ಸೀನನ್ನು ಯಾವ ನಿರ್ದೇಶಕ ತಾನೇ ಬಿಡ್ತಾನೆ? ಜಾಕ್ಸನ್ ಬಿಟ್ಟರು. ಬೊಂಬಾಡಿಲ್ ಪ್ರಸಂಗ ಉಂಗುರದ ಕಥೆಯನ್ನು ಮುಂದಕ್ಕೆ ತಳ್ಳುವುದಿಲ್ಲ ಎಂಬುದು ಅವರ ಲೆಕ್ಕಾಚಾರ. ಬೊಂಬಾಡಿಲ್ ಹೋದ ಮೇಲೆ ಮರಕ್ಕೇನು ಕೆಲಸ? ಇಬ್ಬರಿಗೂ ಒಟ್ಟಿಗೇ ಕತ್ತರಿ ಬಿತ್ತು. ಲೆಕ್ಕ ಸರಿ ಇರಬಹುದು. ಆದರೆ ನನ್ನ ಪ್ರಕಾರ ಇನ್ನೊಂದು ಕಷ್ಟವೂ ಇದೆ. ಈ ವಿಲನ್ನಿನ ಆಯುಧ ನಿದ್ದೆ! ಚಾಕು ಹಿಡಿದವನನ್ನು ತೋರಿಸುವುದು ಸುಲಭ. ತೂಕಡಿಸುವವರನ್ನು ಐದು ನಿಮಿಷ ತೋರಿಸಿದರೆ ಗಾಂಧಿಕ್ಲಾಸಿನಲ್ಲಿ ಕೂತವನೂ ತೂಕಡಿಸುತ್ತಾನೆ. ನಿರ್ಮಾಪಕ ಮಾತ್ರ ರಾತ್ರಿಯೆಲ್ಲಾ ಎಚ್ಚರ ಇರಬೇಕಾಗುತ್ತದೆ.

ಸಿನಿಮಾಗೆ ಮರ ಕಂಡರೆ ಆಗುವುದಿಲ್ಲ ಅಂತೇನಿಲ್ಲ. ಚಾನ್ಸ್ ಕೊಟ್ಟಿದೆ, ಆದರೆ ಎಂಥಾ ಚಾನ್ಸು? 1937ರ ಡಿಸ್ನಿಯ 'ಸ್ನೋ ವೈಟ್' ನೆನಪಿಸಿಕೊಳ್ಳಿ. ರಾತ್ರಿ ಕಾಡಿನಲ್ಲಿ ಓಡುವ ಹುಡುಗಿಯನ್ನು ಕೊಂಬೆಗಳು ಕೈಗಳ ಹಾಗೆ ಹಿಡಿಯುತ್ತವೆ, ಕತ್ತಲಲ್ಲಿ ಕಣ್ಣುಗಳು ಹೊಳೆಯುತ್ತವೆ. ಬೆಳಕಾದರೆ ಆ ಕಣ್ಣುಗಳೆಲ್ಲ ಮೊಲ, ಜಿಂಕೆಗಳವು. ಭಯ ಹುಡುಗಿಯ ಮನಸ್ಸಿನಲ್ಲಿತ್ತು, ಮರ ನಿರಪರಾಧಿ. 1939ರ 'ದಿ ವಿಝರ್ಡ್ ಆಫ್ ಓಝ್'ನಲ್ಲಿ ಸೇಬು ಕಿತ್ತ ಹುಡುಗಿಯ ಕೈಗೆ ಮರ ಏಟು ಕೊಟ್ಟು, ಹಣ್ಣುಗಳನ್ನೇ ಕಲ್ಲಿನ ಹಾಗೆ ಎಸೆಯುತ್ತದೆ. ಅದು ಕಾಮಿಡಿ ಟ್ರ್ಯಾಕು. 1982ರ 'ಪೋಲ್ಟರ್‌ಗೈಸ್ಟ್'ನಲ್ಲಿ ಗುಡುಗು ಮಿಂಚಿನ ರಾತ್ರಿ ಕಿಟಕಿ ಒಡೆದು ಕೈಚಾಚಿ ಹುಡುಗನನ್ನು ಎತ್ತಿಕೊಂಡು ಹೋಗುವ ಮರ ಇದೆಯಲ್ಲ, ಅದು ನಿಜಕ್ಕೂ ಭಯಂಕರ. ಆದರೆ ಮನೆಯವರೆಲ್ಲ ಆ ಕಡೆ ಓಡಿದಾಗ ಈ ಕಡೆ ಪುಟ್ಟ ಹುಡುಗಿಯನ್ನು ದೆವ್ವಗಳು ಹೊತ್ತೊಯ್ಯುತ್ತವೆ. ಅಂದರೆ ಮರ ಬಾಡಿಗೆ ಗೂಂಡಾ, ಬಾಸ್ ಬೇರೆ! ಹಿಂದಿನ ವರ್ಷದ 'ದಿ ಈವಿಲ್ ಡೆಡ್' (1981) ಚಿತ್ರದಲ್ಲೂ ಅಷ್ಟೇ, ಕಾಡಿನೊಳಗೆ ಹೊಕ್ಕ ಪಿಶಾಚಿಯ ಆಟ.

ತನ್ನ ಅಂಗಡಿ ತಾನೇ ನಡೆಸಿದ ಗಿಡ ಅಂದರೆ 'ದಿ ಲಿಟಲ್ ಷಾಪ್ ಆಫ್ ಹಾರರ್ಸ್'ನದು. 1960ರಲ್ಲಿ ರೋಜರ್ ಕೊರ್ಮನ್ ಬೇರೆ ಚಿತ್ರಕ್ಕೆ ಹಾಕಿದ್ದ ಸೆಟ್ಟಿನಲ್ಲೇ, ಮುಖ್ಯ ಷೂಟಿಂಗನ್ನೆಲ್ಲ ಎರಡು ದಿನ ಚಿಲ್ಲರೆಯಲ್ಲಿ ಮುಗಿಸಿದ ಚಿತ್ರ. ಹೂವಿನಂಗಡಿಯಲ್ಲಿ ರಕ್ತ ಕುಡಿದು ಬೆಳೆಯುವ ಗಿಡ. ಆಗಿನ್ನೂ ಹೆಸರಿಲ್ಲದ ಜ್ಯಾಕ್ ನಿಕೋಲ್ಸನ್ ಹಲ್ಲು ಕೀಳಿಸಿಕೊಳ್ಳಲು ಹಾತೊರೆಯುವ ರೋಗಿಯಾಗಿ ಒಂದು ಸೀನು ಬಂದು ಹೋಗುತ್ತಾರೆ! ಅದೇ ಕಥೆ ಆಮೇಲೆ ಸಂಗೀತ ನಾಟಕವಾಯಿತು. 1986ರಲ್ಲಿ ಫ್ರಾಂಕ್ ಓಝ್ ಅದನ್ನು ಮತ್ತೆ ಚಿತ್ರ ಮಾಡಿದರು. ದೊಡ್ಡ ಗಿಡವನ್ನು ಆಡಿಸಲು ಹತ್ತಾರು ಜನ ಗೊಂಬೆಯಾಟದವರು. ಅಷ್ಟು ದಪ್ಪ ತುಟಿ ಮಾತಿನ ವೇಗಕ್ಕೆ ಆಡುವುದಿಲ್ಲವಲ್ಲ? ಅದಕ್ಕೆ ಕ್ಯಾಮೆರಾ ನಿಧಾನ ಓಡಿಸಿ ತೆಗೆದರು. ಪಕ್ಕದಲ್ಲಿ ನಿಂತ ಹೀರೋ ರಿಕ್ ಮೊರಾನಿಸ್ ನಿದ್ದೆಗಣ್ಣಿನವರ ಹಾಗೆ ಮೆಲ್ಲಮೆಲ್ಲಗೆ ಆಕ್ಟ್ ಮಾಡಬೇಕು. ತೆರೆಗೆ ಬಂದಾಗ ಎಲ್ಲ ಸರಿವೇಗ! ಕಂಪ್ಯೂಟರ್ ಇಲ್ಲದ ಕಾಲದ ಕೈಕೆಲಸ, ಷಹಭಾಸ್ ಅನ್ನಲೇಬೇಕು.

ಆ ಚಿತ್ರದ ಮೊದಲ ಕ್ಲೈಮ್ಯಾಕ್ಸಿನಲ್ಲಿ ಗಿಡವೇ ಗೆದ್ದಿತ್ತು. ಹೀರೋ, ಹೀರೋಯಿನ್ ಇಬ್ಬರನ್ನೂ ನುಂಗಿ ನ್ಯೂಯಾರ್ಕ್ ನಗರವನ್ನೇ ತುಳಿಯುತ್ತಿತ್ತು. ಬಿಡುಗಡೆಗೆ ಮುಂಚೆ ಜನಕ್ಕೆ ತೋರಿಸಿ ನೋಡಿದರು. ಅಲ್ಲಿಯ ತನಕ ಚಪ್ಪಾಳೆ ಹೊಡೆಯುತ್ತಿದ್ದ ಹಾಲು ಹೀರೋಯಿನ್ ಸತ್ತ ಕೂಡಲೇ ತಣ್ಣಗಾಯಿತು. ಕೋಟಿಗಟ್ಟಲೆ ಸುರಿದು ತೆಗೆದ ಆ ಭಾಗ ಡಬ್ಬಕ್ಕೆ ಹೋಯಿತು. ಹೀರೋ ಗೆಲ್ಲುವ ಹೊಸ ಕ್ಲೈಮ್ಯಾಕ್ಸ್ ತೆಗೆದರು. ಹಳೆಯದು ಜೀರ್ಣೋದ್ಧಾರವಾಗಿ ಹೊರಬಂದದ್ದು 2012ರಲ್ಲಿ. ಗಿಡಕ್ಕೆ ಬಾಯಿ, ಡೈಲಾಗು, ಹಾಡು ಎಲ್ಲ ಕೊಟ್ಟರೂ ಗೆಲುವು ಮಾತ್ರ ಕೊಡಲು ನಮ್ಮ ಪ್ರೇಕ್ಷಕ ಮಹಾಶಯರು ತಯಾರಿಲ್ಲ.

ಮುದುಕ ವಿಲೋಗೆ ಇದ್ಯಾವುದೂ ಇಲ್ಲ. ಅವನಿಗೆ ಮೇಲೆ ಬಾಸ್ ಇಲ್ಲ. ಉಂಗುರದ ಒಡೆಯ ಸೌರಾನ್ ಎಂಬ ಮಹಾ ಖಳ ಆ ಕಥೆಯಲ್ಲಿ ಇದ್ದಾನೆ ನಿಜ. ಆದರೆ ಈ ಮರ ಅವನ ಪಾರ್ಟಿ ಅಲ್ಲ, ಉಂಗುರವೂ ಇದಕ್ಕೆ ಬೇಡ. ಹೃದಯ ಕೊಳೆತಿದೆ, ಆದರೂ ಕಸುವು ಹಸಿರಾಗಿದೆ. ನೆಲದೊಳಗೆ ಸಣ್ಣ ಬೇರಿನ ಹಾಗೆ ಅವನ ಮನಸ್ಸು ಹಬ್ಬಿ, ಕಾಡಿನ ಹೆಚ್ಚುಕಡಿಮೆ ಎಲ್ಲ ಮರಗಳನ್ನೂ ತನ್ನ ಕೈಗೆ ತೆಗೆದುಕೊಂಡಿದೆ ಎನ್ನುತ್ತಾರೆ ಟೋಲ್ಕಿನ್. ಹಾಗಾದರೆ ಇವನಿಗೆ ಬೇಕಾದ್ದೇನು? ದುಡ್ಡಾ, ಹುಡುಗಿಯಾ, ಸಿಂಹಾಸನವಾ?

ಇಲ್ಲೇ ನೋಡಿ ನನಗೆ ಗಂಟಲು ಕಟ್ಟಿದ್ದು. ಇವನಿಗೂ ಒಂದು ಫ್ಲ್ಯಾಷ್‌ಬ್ಯಾಕ್ ಇದೆ!

ಒಂದು ಕಾಲದಲ್ಲಿ ಕಾಡಿನ ಮರಗಳು ಹಾಬಿಟ್ಟರ ಬೇಲಿಯ ಮೇಲೆ ಏರಿ ಬಂದವಂತೆ. ಹಾಬಿಟ್ಟರು ಕೊಡಲಿ ಹಿಡಿದು ಬಂದರು, ನೂರಾರು ಮರ ಕಡಿದರು, ಕಾಡಿನೊಳಗೇ ದೊಡ್ಡ ಬೆಂಕಿ ಹಾಕಿ ಸುಟ್ಟರು. ಆ ಜಾಗದಲ್ಲಿ ಮತ್ತೆ ಮರ ಬೆಳೆಯಲಿಲ್ಲ. ನಮ್ಮ ನಾಲ್ವರು ಹುಡುಗರು ಅದೇ ಬಯಲನ್ನು ದಾಟಿಕೊಂಡೇ ಹೋಗುತ್ತಾರೆ. ಆಮೇಲೆ ಬೊಂಬಾಡಿಲ್ ಆ ಮರಗಳ ಮನಸ್ಸಿನಲ್ಲಿ ಏನಿದೆ ಅಂತ ಹುಡುಗರಿಗೆ ಬಿಡಿಸಿ ಹೇಳುತ್ತಾನೆ. ನಡೆದಾಡುವವರೆಲ್ಲ ಕಚ್ಚುವವರು, ಮುರಿಯುವವರು, ಕಡಿಯುವವರು, ಸುಡುವವರು. ಅದು ಮರದ ಪಟ್ಟಿ.

ಈಗ ನೀವೇ ಹೇಳಿ. ಮನೆ ಸುಟ್ಟರು, ಮನೆಯವರನ್ನೆಲ್ಲ ಕೊಂದರು, ಒಬ್ಬ ಉಳಿದ, ಬೆಳೆದ, ಹಗೆ ತೀರಿಸಿದ. ಈ ಕಥೆಗೆ ನಾವು ಎಷ್ಟು ಸಲ ಶಿಳ್ಳೆ ಹೊಡೆದಿಲ್ಲ? ಎಷ್ಟು ಸಲ ಪರದೆಗೆ ಚಿಲ್ಲರೆ ಎಸೆದಿಲ್ಲ? ಅದೇ ಕಥೆ ಮರದ್ದಾದ ಕೂಡಲೇ ಅವನು ವಿಲನ್! ಫ್ಲ್ಯಾಷ್‌ಬ್ಯಾಕನ್ನು ಯಾರ ಕಡೆಯಿಂದ ತೋರಿಸುತ್ತೀರಿ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಪಿಯುಸಿಯ ಬಾಟನಿ ಪುಸ್ತಕ ಅರ್ಧಕ್ಕೇ ಮುಚ್ಚಿಟ್ಟು ಎದ್ದು ಬಂದವನು ನಾನು. ಆ ಅರ್ಧದಲ್ಲೇ ಗೊತ್ತಾಗಿದ್ದು ಒಂದು ವಿಷಯ, ಕೊಡಲಿ ಬಂದರೂ ಮರ ಓಡುವ ಹಾಗಿಲ್ಲ.

ಇನ್ನು ಇದನ್ನು ಬರೆದವರ ಫ್ಲ್ಯಾಷ್‌ಬ್ಯಾಕ್. ಟೋಲ್ಕಿನ್ ಹುಟ್ಟಿದ್ದು 1892ರಲ್ಲಿ, ದಕ್ಷಿಣ ಆಫ್ರಿಕಾದಲ್ಲಿ. ಅಲ್ಲೇ ಇದ್ದ ತಂದೆ 1896ರಲ್ಲಿ ತೀರಿಕೊಂಡರು. ಆಗ ಇಂಗ್ಲೆಂಡಿಗೆ ಬಂದಿದ್ದ ತಾಯಿ ಎರಡು ಪುಟ್ಟ ಮಕ್ಕಳನ್ನು ಕಟ್ಟಿಕೊಂಡು ಬರ್ಮಿಂಗ್‌ಹ್ಯಾಮ್ ಹತ್ತಿರದ ಸೇರ್‌ಹೋಲ್ ಎಂಬ ಹಳ್ಳಿಯಲ್ಲಿ ಸಂಸಾರ ಹೂಡಿದರು. ಅಲ್ಲೊಂದು ನೀರಿನಿಂದ ಓಡುವ ಹಿಟ್ಟಿನ ಗಿರಣಿ. ಗಿರಣಿಯ ಕೊಳಕ್ಕೆ ಬಾಗಿಕೊಂಡು ಒಂದು ವಿಲೋ ಮರ. ಹುಡುಗ ಮರ ಹತ್ತಲು ಕಲಿತದ್ದು ಅದರ ಮೇಲೆ. ಒಂದು ದಿನ ಅದನ್ನು ಯಾರೋ ಕಡಿದು ಹಾಕಿದರು. ಸೌದೆಗಾದರೂ ಕಡಿದರೇ? ಇಲ್ಲ. ದಿಮ್ಮಿ ಅಲ್ಲೇ ಸುಮ್ಮನೆ ಬಿದ್ದಿತ್ತು. ಮುದುಕರಾದ ಮೇಲೂ ಟೋಲ್ಕಿನ್ ಪತ್ರಕರ್ತರ ಮುಂದೆ ಅದನ್ನೇ ನೆನೆಯುತ್ತಿದ್ದರು, ಮರೆಯಲಾಗಲಿಲ್ಲ ಅನ್ನುತ್ತಿದ್ದರು.

ಯೋಚನೆ ಮಾಡಿ ಮಿತ್ರರೇ! ಮರ ಕಡಿದಿದ್ದಕ್ಕೆ ಅತ್ತ ಹುಡುಗ ದೊಡ್ಡವನಾಗಿ ಬರೆದ ಕಥೆಯಲ್ಲಿ ಅದೇ ವಿಲೋ ಎದ್ದು ನಿಂತು ಮನುಷ್ಯರಂಥವರನ್ನು ನುಂಗುತ್ತದೆ. ಅಯ್ಯೋ ಪಾಪ ಎನ್ನಿಸುವ ಹಾಗೆ ಬರೆಯಬಹುದಿತ್ತು. ಹಾಗೆ ಬರೆಯಲಿಲ್ಲ. ಮರಕ್ಕೆ ಆದ ಅನ್ಯಾಯ ನಿಜ, ಮರ ಈಗ ಕೆಟ್ಟು ಕೊಳೆತು ಕ್ರೂರಿಯಾಗಿರುವುದೂ ನಿಜ. ಎರಡನ್ನೂ ಮುಚ್ಚಿಡಲಿಲ್ಲ. ನುಂಗಿಸಿಕೊಂಡ ಪಿಪ್ಪಿನ್ ಯಾವ ಮರವನ್ನೂ ಕಡಿದವನಲ್ಲ ಎನ್ನುವುದನ್ನೂ ಮರೆಯಬೇಡಿ. ನಮ್ಮ ಸಿನಿಮಾಗಳಲ್ಲಿ ಹಗೆ ತೀರಿಸುವ ಹೀರೋ ತಪ್ಪಿಯೂ ನಿರಪರಾಧಿಗೆ ಹೊಡೆಯುವುದಿಲ್ಲ, ಅವನ ಕೂದಲೂ ಕೆದರುವುದಿಲ್ಲ. ಮುದುಕ ವಿಲೋ ಹಾಗಲ್ಲ. ಎರಡು ಕಾಲಿದ್ದರೆ ಸಾಕು, ಅವನ ಪಾಲಿಗೆ ಎಲ್ಲರೂ ಕೊಡಲಿಯವರೇ.

1972ರಲ್ಲಿ ಲಂಡನ್ನಿನ 'ಡೈಲಿ ಟೆಲಿಗ್ರಾಫ್' ಪತ್ರಿಕೆ, ಕತ್ತಲು ಕವಿದ ಯಾವುದೋ ನೆಡುತೋಪನ್ನು ಬೈಯಲು ಟೋಲ್ಕಿನ್ ಹೆಸರು ಬಳಸಿತು. ಎಂಬತ್ತು ವರ್ಷದ ಮುದುಕರಿಗೆ ಸಿಟ್ಟು ಬಂತು. ನಾನು ಯಾವತ್ತೂ ಮರದ ಪಕ್ಷ, ನನ್ನ ಕಥೆಯ ಹಳೇ ಕಾಡು ಹಗೆ ಸಾಧಿಸುತ್ತಿದ್ದದ್ದು ತನಗಾದ ಗಾಯಗಳ ನೆನಪಿನಿಂದ ಎಂಬ ಅರ್ಥದಲ್ಲಿ ಪತ್ರಿಕೆಗೆ ಕಾಗದ ಬರೆದರು. ಮರುವರ್ಷ ತೀರಿಕೊಂಡರು.

ಇದಕ್ಕೆ ಪೂರಾ ಉಲ್ಟಾ ಕಥೆ ನಮ್ಮ ಕನ್ನಡದಲ್ಲೇ ಇದೆ. ಮೈಮೇಲೆ ನೀರು ಹೊಯ್ದರೆ ಹೂಬಿಡುವ ಮರವಾಗುವ ಹುಡುಗಿಯ ಜಾನಪದ ಕಥೆ, ಎ.ಕೆ. ರಾಮಾನುಜನ್ ಸಂಗ್ರಹಿಸಿದ್ದು. ಗಿರೀಶ್ ಕಾರ್ನಾಡರು 1992ರಲ್ಲಿ ಅದನ್ನು 'ಚೆಲುವಿ' ಎಂದು ಹಿಂದಿಯಲ್ಲಿ ಚಿತ್ರ ಮಾಡಿದರು. ಸೋನಾಲಿ ಕುಲಕರ್ಣಿ ನಾಯಕಿ. ಅಲ್ಲಿ ಮರ ಯಾರಿಗೂ ಕೇಡು ಮಾಡುವುದಿಲ್ಲ, ಹೂವು ಕೊಡುತ್ತದೆ. ಆಟಕ್ಕೆ ಬಂದವರು ಕೊಂಬೆ ಮುರಿದು ಹೋಗುತ್ತಾರೆ. ಅರ್ಧಂಬರ್ಧ ಮನುಷ್ಯಳಾಗಿ ಉಳಿದ ಆ ಹುಡುಗಿಯನ್ನು ನೆನೆದರೆ ಹೊಟ್ಟೆ ತೊಳೆಸುತ್ತದೆ. ಸಿಕ್ಕಿದರೆ ನೋಡಿ. ಅದರಲ್ಲಿ ಫೈಟಿಂಗ್ ಇಲ್ಲ ಎಂದು ಆಮೇಲೆ ನನ್ನನ್ನು ಬೈಯಬೇಡಿ.

ನ್ಯಾಯವಾಗಿ ಒಂದು ಮಾತು ಹೇಳಬೇಕು. ಜಾಕ್ಸನ್‌ಗೂ ಈ ಮರ ಮನಸ್ಸಿನಲ್ಲಿ ಕಾಡಿರಬೇಕು. ಎರಡನೇ ಚಿತ್ರ 'ದಿ ಟೂ ಟವರ್ಸ್'ನ ಉದ್ದದ ಆವೃತ್ತಿ ಇದೆಯಲ್ಲ, ಅದರಲ್ಲಿ ಬೇರೊಂದು ಕಾಡಿನಲ್ಲಿ ಮೆರ್ರಿ, ಪಿಪ್ಪಿನ್ ಇಬ್ಬರನ್ನೂ ಒಂದು ಮರ ಬೇರಿನಿಂದ ಬಿಗಿದು ಎಳೆದುಕೊಳ್ಳುತ್ತದೆ. ಬಿಡಿಸುವವನು ನಡೆದಾಡುವ ಮರ ಟ್ರೀಬಿಯರ್ಡ್. ಬೊಂಬಾಡಿಲ್ ಹೇಳಬೇಕಾದ ಮಾತು ಇವನ ಬಾಯಲ್ಲಿ! ಟ್ರೀಬಿಯರ್ಡ್‌ಗೆ ದನಿ ಕೊಟ್ಟ ಜಾನ್ ರೀಸ್-ಡೇವಿಸ್ ಅದೇ ಚಿತ್ರದಲ್ಲಿ ಕೊಡಲಿ ಹಿಡಿದು ಓಡಾಡುವ ಗಿಮ್ಲಿಯ ಪಾತ್ರವನ್ನೂ ಮಾಡಿದ್ದಾರೆ. ಮರವೂ ಅವರೇ, ಕೊಡಲಿಯೂ ಅವರೇ. 2024ರಲ್ಲಿ 'ದಿ ರಿಂಗ್ಸ್ ಆಫ್ ಪವರ್' ಧಾರಾವಾಹಿಯ ಎರಡನೇ ಸೀಸನ್ನಿನಲ್ಲಿ ಬೊಂಬಾಡಿಲ್ ಕೊನೆಗೂ ಬಂದ, ರೋರಿ ಕಿನ್ನಿಯರ್ ಆಕ್ಟಿಂಗ್. ಅಲ್ಲೂ ಒಂದು ಮರ ಒಬ್ಬನನ್ನು ನುಂಗುತ್ತದೆ, ಹಾಡಿ ಬಿಡಿಸುತ್ತಾನೆ. ಆದರೆ ಆ ಮರದ ಹೆಸರು ಬೇರೆ, 'ಓಲ್ಡ್ ಮ್ಯಾನ್ ಐರನ್‌ವುಡ್' ಅಂತೆ. ರೋಲ್ ಅದೇ, ಪಾರ್ಟಿ ಬೇರೆ!

ನನ್ನ ಕೈಗೆ ಕ್ಯಾಮೆರಾ ಕೊಟ್ಟರೆ ಆ ಸೀನಿಗೆ ಗ್ರಾಫಿಕ್ಸ್ ಬೇಡ. ಮರಕ್ಕೆ ಕಣ್ಣು ಮೂಗು ಕೆತ್ತುವುದಂತೂ ಖಂಡಿತ ಬೇಡ. ಹಿನ್ನೆಲೆ ಸಂಗೀತ ಪೂರ್ತಿ ನಿಲ್ಲಿಸಿ. ಎಲೆಯ ಸದ್ದು, ನೀರಿನ ಸದ್ದು, ನಾಲ್ಕು ಜನರ ಉಸಿರು. ಉಸಿರು ಒಂದೊಂದಾಗಿ ನಿಧಾನವಾಗಲಿ. ಆಮೇಲೆ ಕ್ಯಾಮೆರಾ ಸ್ಯಾಮ್ ಜೊತೆ ಕುದುರೆಗಳ ಹಿಂದೆ ಹೋಗಲಿ, ಮರ ಫ್ರೇಮಿನಿಂದ ಹೊರಗೆ ಉಳಿಯಲಿ. ಆಗ ಬೀಳಲಿ ಆ 'ಕಟಕ್'. ಬಾಲ್ಕನಿಯಿಂದ ಗಾಂಧಿಕ್ಲಾಸಿನ ತನಕ ಒಬ್ಬನೂ ಸೀಟಿಗೆ ಬೆನ್ನು ಕೊಟ್ಟು ಕೂತಿದ್ದರೆ ಕೇಳಿ!

ಇನ್ನೊಂದು, ಕಾದಂಬರಿಯಲ್ಲಿ ಈ ವಿಲನ್‌ಗೆ ಸಾವಿಲ್ಲ. ಕೊನೆಯಲ್ಲಿ ಪೊಲೀಸ್ ಜೀಪು ಬರುವುದಿಲ್ಲ, ಯಾರೂ ಗರಗಸ ತರುವುದಿಲ್ಲ. ಅಷ್ಟು ಶಕ್ತಿ ಇದ್ದ ಬೊಂಬಾಡಿಲ್ ಕೂಡ ಮಲಗು ಅಂತ ಗದರಿ ಹುಡುಗರನ್ನು ಕರೆದುಕೊಂಡು ಊಟಕ್ಕೆ ಹೋದ. ಮುದುಕ ವಿಲೋ ಅದೇ ದಡದಲ್ಲಿ ನಿಂತಿದ್ದಾನೆ. ಡೇಟ್ಸ್ ಪೂರ್ತಿ ಖಾಲಿ.